ಫಿಟ್ಟರಣ್ಣನ ಕಾಲು ಮತ್ತು ಪಾಚಿಯ ಬಿಲ್ಲೆ

ಸರಿಯಾಗಿ ಅಚ್ಚಾದ ಮೊದಲ ಕಂತಿನ ಬಿಲ್ಲೆಗಳು ಮೂರೇ ದಿನಕ್ಕೆ ಬಿಳಿಚಿಕೊಂಡವು. ಸೋಮವಾರ ಎಳೆ ಭತ್ತದ ಸಸಿಯ ಬಣ್ಣದಲ್ಲಿದ್ದವು, ಗುರುವಾರ ನೋಡಿದರೆ ಒಣಗಿದ ಗಂಜಿಯ ಬಣ್ಣಕ್ಕೆ ತಿರುಗಿದ್ದವು. ಸೂಕ್ಷ್ಮದರ್ಶಕದಡಿ ಇಟ್ಟಾಗ ಪಾಚಿಯ ಕಣಗಳು ಇದ್ದಲ್ಲೇ ಇದ್ದವು, ಒಳಗಿನ ಹಸಿರು ಮಾತ್ರ ಹೋಗಿತ್ತು. ಕಾರಣ ಹುಡುಕಲು ಹೆಚ್ಚು ಹೊತ್ತು ಬೇಕಾಗಲಿಲ್ಲ. ನಮ್ಮ ಪ್ರಯೋಗಾಲಯ ಹೊಸಪೇಟೆಯ ಕಾಲೇಜೊಂದರ ಎರಡನೆಯ ಮಹಡಿಯಲ್ಲಿತ್ತು, ಮೇಲೆ ಬರೀ ತಾರಸಿ. ಮಾರ್ಚ್ ಮುಗಿಯುವ ಹೊತ್ತಿಗೆ ಮಧ್ಯಾಹ್ನ ಕೊಠಡಿಯ ಒಳಗೇ ನಲವತ್ತು ಡಿಗ್ರಿ ದಾಟುತ್ತಿತ್ತು. ಕರೆಂಟು ಹೋದರೆ ಫ್ಯಾನೂ ಇಲ್ಲ.

ನಾವು ಮಾಡುತ್ತಿದ್ದ ಕೆಲಸವನ್ನು ಸರಳವಾಗಿ ಹೇಳುವುದಾದರೆ ಒತ್ತುಶಾವಿಗೆ ಒತ್ತಿದ ಹಾಗೆ. ಕಡಲಕಳೆಯಿಂದ ತೆಗೆದ ಆಲ್ಜಿನೇಟ್ ಎಂಬ ಪುಡಿಯನ್ನು ನೀರಿನಲ್ಲಿ ಕದಡಿದರೆ ಲೋಳೆಯಂಥ ಗಂಜಿಯಾಗುತ್ತದೆ. ಅದರಲ್ಲಿ ಕಣ್ಣಿಗೆ ಬಿಡಿಯಾಗಿ ಕಾಣದಷ್ಟು ಸಣ್ಣ ಪಾಚಿಯನ್ನು ಜೀವಂತವಾಗಿ ಬೆರೆಸಬೇಕು. ಆ ಮಿಶ್ರಣವನ್ನು ಸಿರಿಂಜಿಗೆ ತುಂಬಿದರೆ ಯಂತ್ರ ಸೂಜಿಯ ಬಾಯಿಂದ ಎಳೆ ಎಳೆಯಾಗಿ ಬಿಡುತ್ತದೆ, ಎಳೆಯ ಮೇಲೆ ಅಡ್ಡ ಎಳೆ, ಅದರ ಮೇಲೆ ಮತ್ತೊಂದು. ಕ್ಯಾಲ್ಸಿಯಂ ಬೆರೆಸಿದ ನೀರು ತಾಗಿದ ಕೂಡಲೇ ಗಂಜಿ ಗಟ್ಟಿಯಾಗಿ ಜಾಳಿಗೆಯಾಗುತ್ತದೆ. ಹಳೆಯ ರೂಪಾಯಿ ನಾಣ್ಯದಷ್ಟು ಅಗಲದ ಈ ಜಾಳಿಗೆಗಳನ್ನೇ ನಾವು ಬಿಲ್ಲೆ ಎನ್ನುತ್ತಿದ್ದೆವು. ಬೆಳಕಿದ್ದರೆ ಒಳಗಿನ ಪಾಚಿ ಆಮ್ಲಜನಕ ಬಿಡುತ್ತದೆ.

ಈ ಆಮ್ಲಜನಕ ಬೇಕಾಗಿದ್ದದ್ದು ಊರಿನ ಒಬ್ಬ ಶಸ್ತ್ರವೈದ್ಯೆಗೆ. ಸಕ್ಕರೆ ಕಾಯಿಲೆಯವರ ಪಾದದ ಹುಣ್ಣುಗಳನ್ನು ನೋಡಿ ನೋಡಿ ಅವರಿಗೆ ಸಾಕಾಗಿತ್ತು. ರಕ್ತ ಸರಿಯಾಗಿ ಹರಿಯದ ಜಾಗಕ್ಕೆ ಆಮ್ಲಜನಕ ತಲುಪುವುದಿಲ್ಲ, ಹುಣ್ಣು ಮಾಯುವುದಿಲ್ಲ. ಮೇಲಿನಿಂದಲೇ ಆಮ್ಲಜನಕ ಕೊಡುವ ಪಟ್ಟಿ ಮಾಡಲಾದೀತೇ ಎಂಬುದು ಅವರ ಪ್ರಶ್ನೆ. ಪಾಚಿ ನನ್ನ ವಿಷಯ, ಹಾಗಾಗಿ ಒಪ್ಪಿದೆ. ಮನುಷ್ಯರ ಮೇಲೆ ಹಾಕುವ ಮಾತೇ ಇರಲಿಲ್ಲ, ಅದಕ್ಕೆ ಇನ್ನೂ ಎಷ್ಟೋ ವರ್ಷಗಳಿದ್ದವು. ಹಸಿ ಚರ್ಮದ ಮೇಲೆ ಏಳು ದಿನ ಜೀವಂತವಾಗಿ ಉಳಿಯುವ ಹನ್ನೆರಡು ಬಿಲ್ಲೆಗಳನ್ನು ಜೂನ್ ಕೊನೆಯೊಳಗೆ ಬೇರೆ ಊರಿನ ದೊಡ್ಡ ಪ್ರಯೋಗಾಲಯಕ್ಕೆ ಕಳಿಸಬೇಕು, ಪ್ರಾಣಿಗಳ ಮೇಲಿನ ಪರೀಕ್ಷೆಯನ್ನು ಅವರು ನೋಡಿಕೊಳ್ಳುತ್ತಾರೆ. ಅವಧಿ ತಪ್ಪಿದರೆ ಮತ್ತೆ ಒಂದು ವರ್ಷ ಕಾಯಬೇಕು.

ಯಂತ್ರ ಕಟ್ಟಿದ್ದು ನಾನಲ್ಲ. ಯಶವಂತನಗರದ ಕಡೆ ಗಣಿಯಲ್ಲಿ ಪಂಪ್ ಫಿಟ್ಟರ್ ಆಗಿದ್ದು ನಿವೃತ್ತರಾದವರೊಬ್ಬರು ಕಂಪ್ಲಿಯಿಂದ ದಿನಾ ಬಸ್ಸಿನಲ್ಲಿ ಬರುತ್ತಿದ್ದರು. ಕಾಲೇಜಿನ ನಲ್ಲಿ, ಮೋಟರು ರಿಪೇರಿಗೆಂದು ಬಂದವರು ನಮ್ಮ ಕೊಠಡಿಯಲ್ಲೇ ಉಳಿದರು. ಪ್ಲಾಸ್ಟಿಕ್ ಗೊಂಬೆ ಅಚ್ಚು ಹಾಕುವ ಹಳೆಯ ಯಂತ್ರವೊಂದರ ತಲೆ ಬಿಚ್ಚಿ, ಆ ಜಾಗದಲ್ಲಿ ಸಿರಿಂಜನ್ನು ಒತ್ತುವ ತಿರುಪುಮೊಳೆಯನ್ನು ಕೂರಿಸಿದ್ದು ಅವರೇ. ನಾನು ಅವರನ್ನು ಫಿಟ್ಟರಣ್ಣ ಎನ್ನುತ್ತಿದ್ದೆ.

ಅವರಿಗೆ ಪಾಚಿ ಗೊತ್ತಿರಲಿಲ್ಲ, ಆದರೆ ಗಂಜಿ ಗೊತ್ತಿತ್ತು. ಒಂದೇ ಸಿರಿಂಜಿನಿಂದ ಬಿದ್ದ ಬಿಲ್ಲೆಗಳಲ್ಲಿ ಮೊದಲಿನವು ಕಡುಹಸಿರು, ಕೊನೆಯವು ತಿಳಿ. ನಾನು ಬೆರೆಸುವ ಕ್ರಮವನ್ನು ಮೂರು ಸಲ ಬದಲಿಸಿ ಸೋತಿದ್ದೆ. ಅವರು ಸಿರಿಂಜನ್ನು ಕಿಟಕಿಗೆ ಹಿಡಿದು ನೋಡಿದರು.

"ಮೇಡಂ, ಇದು ನಮ್ಮ ಅದಿರು ನೀರಿನ ಕತಿನ ಐತ್ರಿ. ಪೈಪಿನ್ಯಾಗ ನೀರು ನಿಂತ್ರ ಸಾಕು, ಅದಿರು ತಳಕ್ಕ ಕುಂದ್ರತೈತಿ. ಇಲ್ಲೂ ಹಂಗ, ನಿಮ್ಮ ಪಾಚಿ ಸೂಜಿ ಕಡೀಗೆ ಇಳಿದ್ ಕುಂತೈತಿ."

"ಏನ್ ಮಾಡ್ಬೇಕು ಅಣ್ಣಾರೆ?"

"ಗಂಜಿ ದಪ್ಪ ಮಾಡ್ರಿ. ಇಲ್ಲಾಂದ್ರ ಜಲ್ದಿ ಒತ್ರಿ. ಎರಡೂ ಮಾಡಿದ್ರ ಚೊಲೋ."

ಎರಡನ್ನೂ ಮಾಡಿದೆವು. ಬಿಲ್ಲೆಗಳು ಒಂದೇ ಬಣ್ಣಕ್ಕೆ ಬಂದವು. ದಪ್ಪ ಎಳೆಗಳ ನಡುವಿಗೆ ಬೆಳಕು ತಲುಪದೆ ಒಳಗಿನ ಪಾಚಿ ಹಳದಿಯಾಗುತ್ತಿತ್ತು, ಅದಕ್ಕೆ ಎಳೆಯನ್ನು ಮಿಲಿಮೀಟರಿಗಿಂತ ಸಣ್ಣ ಮಾಡಿ, ನಡುವೆ ಅಷ್ಟೇ ಅಗಲದ ಕಿಂಡಿ ಬಿಟ್ಟೆವು. ಇಷ್ಟಾಗುವಾಗ ಬಿಸಿಲು ಏರಿ, ಬೇರೆ ಊರಿನಿಂದ ತರಿಸಿದ್ದ ಶುದ್ಧ ಪಾಚಿ ಕೈಕೊಟ್ಟಿತು. ಮೊದಲು ಹೇಳಿದ ಬಿಳಿಚಿದ ಬಿಲ್ಲೆಗಳು ಇವೇ.

ಕೆಳಗಿನ ದಾಸ್ತಾನು ಕೊಠಡಿಗೆ ಎಲ್ಲವನ್ನೂ ಇಳಿಸಿದೆ. ಗೋಡೆ ದಪ್ಪ, ಮೂರು ನಾಲ್ಕು ಡಿಗ್ರಿ ಕಡಿಮೆ. ಆದರೂ ಬಿಲ್ಲೆಗಳು ಐದನೆಯ ದಿನ ದಾಟಲಿಲ್ಲ. ಒಂದು ಮಧ್ಯಾಹ್ನ ಊಟದ ಡಬ್ಬಿ ಬಿಚ್ಚುತ್ತಾ ಫಿಟ್ಟರಣ್ಣ ಹೇಳಿದರು:

"ನಮ್ಮ ಬಸ್ಸಿನ ದಾರ್ಯಾಗ, ಕಮಲಾಪುರದ ಆಕಡಿ, ಬಾಳಿ ತೋಟದ ಬಾಜೂಕ ಒಂದು ಕಲ್ಲು ಬಾನಿ ಐತ್ರಿ. ದನ ನೀರು ಕುಡೀತಾವ. ಮೇ ತಿಂಗಳಾಗ ಕೈ ಇಟ್ರ ಸುಡ್ತೈತಿ ಆ ನೀರು. ಆದ್ರ ಹಸರು ಹೋಗಂಗಿಲ್ಲ."

ಮರುದಿನವೇ ಹೋಗಿ ಬಾನಿಯ ಒಳಗೋಡೆ ಕೆರೆದು ಎರಡು ಬಾಟಲಿ ತಂದೆ. ಹಂಪಿಯ ಸುತ್ತಿನ ಬಂಡೆಗಳ ಕಾವೆಲ್ಲ ಬಂದು ಬೀಳುವ ಜಾಗ ಅದು. ಅದರಲ್ಲಿದ್ದ ದುಂಡನೆಯ ಹಸಿರು ಪಾಚಿಯನ್ನು ಬೇರ್ಪಡಿಸಿ ನಲವತ್ತೆರಡು ಡಿಗ್ರಿಯಲ್ಲಿಟ್ಟರೂ ಬಣ್ಣ ಬಿಡಲಿಲ್ಲ. ತೊಂದರೆ ಒಂದೇ. ದನದ ಬಾನಿಯ ನೀರಿನಲ್ಲಿ ಪಾಚಿ ಒಂಟಿಯಾಗಿ ಇರುವುದಿಲ್ಲ. ಸೂಕ್ಷ್ಮಜೀವಿ ಬೆಳೆಸುವ ಅಗರ್ ತಟ್ಟೆಯ ಮೇಲೆ ಗೀಟೆಳೆದು, ಒಂಟಿ ಚುಕ್ಕೆಯನ್ನು ಎತ್ತಿ, ಮತ್ತೆ ಗೀಟೆಳೆದು, ಹೀಗೆ ಏಳು ಸಲ ಶುದ್ಧ ಮಾಡಿದೆ. ಒಂದು ಬ್ಯಾಕ್ಟೀರಿಯಾ ಮಾತ್ರ ಪಾಚಿಯನ್ನು ಅಂಟಿಕೊಂಡೇ ಬಂತು. ಅದನ್ನು ಬಿಡಿಸಲು ಇನ್ನೂ ಒಂದು ತಿಂಗಳು ಬೇಕಿತ್ತು, ನನ್ನ ಹತ್ತಿರ ಇರಲಿಲ್ಲ. ಸದ್ಯಕ್ಕೆ ಬಿಲ್ಲೆ ಏಳು ದಿನ ತಾಳುತ್ತದೆಯೇ ಎಂದು ಇದರಲ್ಲೇ ನೋಡೋಣ, ಶುದ್ಧಿ ಪಕ್ಕದಲ್ಲಿ ನಡೆಯಲಿ ಎಂದುಕೊಂಡೆ. ನೋಟ್‌ಬುಕ್ಕಿನಲ್ಲಿ 'ಪೂರ್ಣ ಶುದ್ಧವಲ್ಲ' ಎಂದು ಬರೆದೆ. ಬಾಯಿಂದ ಯಾರಿಗೂ ಹೇಳಲಿಲ್ಲ. ಹೇಳಬೇಕಾದವರು ಯಾರಾದರೂ ಇದ್ದಾರೆ ಎಂದು ನನಗೆ ಹೊಳೆಯಲಿಲ್ಲ.

ಬಾನಿಯ ಪಾಚಿಯ ಮೊದಲ ಬಿಲ್ಲೆಗಳು ನೀರಿನಲ್ಲಿ ಒಂಬತ್ತು ದಿನ ಬದುಕಿದವು. ಮುಚ್ಚಿದ ಗಾಜಿನ ಜಾಡಿಯಲ್ಲಿ ಆಮ್ಲಜನಕ ಅಳೆಯುವ ಕಡ್ಡಿ ಇಳಿಬಿಟ್ಟು ದೀಪ ಹಾಕಿದರೆ ಅಂಕಿ ನಿಧಾನ ಏರುತ್ತಿತ್ತು, ದೀಪ ಆರಿಸಿದರೆ ಇಳಿಯುತ್ತಿತ್ತು. ಎಳೆಗಳ ಅಂಚಿನಲ್ಲಿ ಸಾಸಿವೆಗಿಂತ ಸಣ್ಣ ಗುಳ್ಳೆಗಳು ಕಟ್ಟುತ್ತಿದ್ದವು. ಫಿಟ್ಟರಣ್ಣ ಕುರ್ಚಿ ಎಳೆದುಕೊಂಡು ಅದನ್ನೇ ನೋಡುತ್ತಾ ಕೂತಿದ್ದರು.

"ಇದನ್ನ ಗಾಯದ ಮ್ಯಾಲ ಇಟ್ರ ಏನಾಗ್ತೈತ್ರಿ?"

ನಾನು ತರಗತಿಯಲ್ಲಿ ಹೇಳುವ ಹಾಗೆ ಹೇಳಿದೆ. ಬೆಳಕು ಬಿದ್ದರೆ ಆಮ್ಲಜನಕ ಬಿಡುತ್ತದೆ, ಕತ್ತಲಿದ್ದರೆ ತಾನೇ ತಿನ್ನುತ್ತದೆ, ಹಾಗಾಗಿ ಬಟ್ಟೆ ಸುತ್ತಿ ಮುಚ್ಚಿದರೆ ಉಪಯೋಗವಿಲ್ಲ, ಒಣಗಲೂ ಬಿಡಬಾರದು. ಅವರು ತಲೆಯಾಡಿಸಿದರು. ಅವರು ಯಾಕೆ ಕೇಳಿದರು ಎಂದು ನಾನು ಕೇಳಲಿಲ್ಲ. ಆಗ ಅವರು ಸ್ವಲ್ಪ ಕುಂಟುತ್ತಿದ್ದರು. ಮಂಡಿನೋವು ಎಂದಿದ್ದರು, ನಂಬಿದ್ದೆ. ಆ ಬೇಸಿಗೆಯಲ್ಲೂ ಕ್ಯಾನ್ವಾಸ್ ಶೂ ಬಿಚ್ಚುತ್ತಿರಲಿಲ್ಲ.

ಮೇ ಕೊನೆಯ ವಾರ ಚರ್ಮದ ಪರೀಕ್ಷೆಗೆ ಹನ್ನೆರಡು ಬಿಲ್ಲೆ ಅಚ್ಚು ಹಾಕಿದೆವು. ಮಟನ್ ಅಂಗಡಿಯಿಂದ ಮೇಕೆಯ ಚರ್ಮ ತಂದು, ಕೂದಲು ಬೋಳಿಸಿ, ತೊಳೆದು, ಹದಕ್ಕೆ ಒದ್ದೆಯಾಗಿಟ್ಟು ಅದರ ಮೇಲೆ ಆರು. ಹೋಲಿಕೆಗೆಂದು ಬರೀ ನೀರಿನಲ್ಲಿ ಆರು. ಬುಧವಾರ ಎಣಿಸುವಾಗ ನೀರಿನಲ್ಲಿ ಐದೇ ಇದ್ದವು. ತೆಗೆಯುವಾಗ ಒಂದು ಹರಿದಿರಬೇಕು, ಬರೆದುಕೊಳ್ಳಲು ಮರೆತಿದ್ದೇನೆ ಅಂದುಕೊಂಡೆ. ಶುಕ್ರವಾರ ನಾಲ್ಕಾಗಿದ್ದವು. ಆ ಹೊತ್ತಿಗೆ ನನ್ನ ಗಮನ ಎಣಿಕೆಯ ಮೇಲಿರಲಿಲ್ಲ. ಚರ್ಮದ ಮೇಲಿನ ಆರೂ ಬಿಲ್ಲೆಗಳು ಮಬ್ಬಾಗಿದ್ದವು, ಎಳೆಗಳ ನಡುವಿನ ಕಿಂಡಿಗಳಲ್ಲಿ ಲೋಳೆ ತುಂಬಿತ್ತು. ಹಣ್ಣಾದ ದ್ರಾಕ್ಷಿಯಂಥ ಸಿಹಿ ವಾಸನೆ. ನೀರಿನಲ್ಲಿ ತಿನ್ನಲು ಏನೂ ಸಿಗದೆ ಸುಮ್ಮನಿದ್ದ ಬ್ಯಾಕ್ಟೀರಿಯಾ ಚರ್ಮ ಸಿಕ್ಕಿದ ಕೂಡಲೇ ಹೊಟ್ಟೆ ತುಂಬ ಉಂಡಿತ್ತು. ನೀರಿನಲ್ಲಿದ್ದ ಬಿಲ್ಲೆಯಿಂದಲೂ ಚರ್ಮದ ಮೇಲಿದ್ದದ್ದರಿಂದಲೂ ಅಗರ್ ತಟ್ಟೆಗೆ ಹಚ್ಚಿ ಇಟ್ಟೆ. ಶನಿವಾರ ಬೆಳಿಗ್ಗೆ ಎರಡೂ ತಟ್ಟೆಗಳಲ್ಲಿ ಹಸಿರು ಮಿಶ್ರಿತ ಹಳದಿ ಬಣ್ಣ ಹರಡಿತ್ತು. ಸ್ಯೂಡೊಮೊನಾಸ್ ಎಂಬ ಗುಂಪಿನದು ಇರಬೇಕೆಂದು ನನಗೆ ಅನ್ನಿಸಿತು. ಮಣ್ಣಿನಲ್ಲಿ, ನೀರಿನಲ್ಲಿ ಎಲ್ಲೆಲ್ಲೂ ಇರುವಂಥದ್ದು, ಹುಣ್ಣಿಗೆ ಸೇರಿದರೆ ಮಾತ್ರ ಕೆಟ್ಟದ್ದು.

ತಟ್ಟೆಗಳನ್ನು ಮೇಜಿನ ಮೇಲಿಟ್ಟು ಮೇಲಿನ ಕೊಠಡಿಯ ಕಿಟಕಿಗೆ ಬಂದೆ. ಹನ್ನೆರಡೂವರೆಯ ಬಿಸಿಲು. ಕೆಳಗೆ ನೀರಿನ ಟ್ಯಾಂಕಿನ ಕಟ್ಟೆಯ ಮೇಲೆ ಫಿಟ್ಟರಣ್ಣ ಒಬ್ಬರೇ ಕೂತಿದ್ದರು. ತಲೆಗೆ ಟವೆಲ್ ಹಾಕಿಕೊಂಡಿದ್ದರು, ಬಲಗಾಲು ಮಾತ್ರ ಬರಿಗಾಲು, ನೆರಳಿನಿಂದ ಹೊರಗೆ, ನೇರ ಬಿಸಿಲಿಗೆ ಚಾಚಿತ್ತು. ಕಾಲು ಯಾಕೆ ಸುಡಿಸಿಕೊಳ್ಳುತ್ತಾರೆ ಎಂದುಕೊಂಡು ಕರೆಯಲು ಇಳಿದೆ.

ಹತ್ತಿರ ಹೋದಾಗ ಕಂಡಿತು. ಹೆಬ್ಬೆರಳು ಮತ್ತು ಪಕ್ಕದ ಬೆರಳಿನ ಬುಡದಲ್ಲಿ ನಮ್ಮ ಜಾಳಿಗೆ ಅಂಟಿತ್ತು. ಪಕ್ಕದಲ್ಲಿ ನೀರಿನ ಬಾಟಲಿ, ಮುಚ್ಚಳದಿಂದ ಆಗಾಗ ನೀರು ಹನಿಸುತ್ತಿದ್ದರು. ಒಣಗಬಾರದು, ಬೆಳಕು ಬೀಳಬೇಕು. ನಾನು ಹೇಳಿದ್ದನ್ನು ಒಂದೂ ತಪ್ಪಿಸಿರಲಿಲ್ಲ.

"ಯಾವಾಗಿಂದ ಐತಿ ಅಣ್ಣಾರೆ ಇದು?"

"ಭಾಳ ದಿನ ಆತ್ರಿ. ಹೊಸಾ ಶೂ ಕಚ್ಚಿತ್ತು. ಸಕ್ರಿ ಐತಲ್ರೀ, ಮಾಯವಲ್ದು." ಅವರು ನಾಚಿದ ಹಾಗೆ ನಕ್ಕರು. "ಕೇಳಿದ್ರ ನೀವು ಬ್ಯಾಡ ಅಂತಿದ್ರಿ. ಅದಕ್ಕ ಕೇಳ್ಲಿಲ್ಲ. ಈಗ ನೋಡ್ರಿ, ಹಸರು ಹೆಂಗ ಹರಡೈತಿ. ಚೊಲೋ ಬೇರು ಬಿಟ್ಟೈತಿ."

ನಾನು ಬಗ್ಗಿ ನೋಡಿದೆ. ಬಿಲ್ಲೆಯ ಹಸಿರು ಬೇರೆ. ಅದರ ಸುತ್ತ, ಹುಣ್ಣಿನ ಅಂಚಿನವರೆಗೆ ಹರಡಿದ್ದ ತೆಳು ಹಸಿರು ಪಾಚಿಯದ್ದಾಗಿರಲಿಲ್ಲ. ಅದೇ ಸಿಹಿ ವಾಸನೆ ಬಂತು. ಹೆಬ್ಬೆರಳು ಊದಿ ಬಣ್ಣ ಕೆಟ್ಟಿತ್ತು. ನೋವಿದೆಯೇ ಎಂದು ಕೇಳಿದೆ. ಇಲ್ಲ ಎಂದರು. ನೋವಿಲ್ಲದಿರುವುದು ಒಳ್ಳೆಯ ಲಕ್ಷಣವಲ್ಲ ಎಂದು ಅವರಿಗೆ ಗೊತ್ತಿರಲಿಲ್ಲ.

"ಅದು ಪಾಚಿ ಅಲ್ಲ," ಎಂದೆ. "ಏಳ್ರಿ, ಡಾಕ್ಟರ ಹತ್ರ ಹೋಗೋಣ, ಈಗ."

ಅವರು ನನ್ನ ಮುಖ ನೋಡಿ ಎದ್ದರು. ಬಿಲ್ಲೆ ತೆಗೆದು ಹುಣ್ಣಿಗೆ ತೆಳು ಬಟ್ಟೆ ಮುಚ್ಚಿ, ಗೇಟಿನವರೆಗೆ ನನ್ನ ಭುಜ ಹಿಡಿದು ಬಂದರು. ಆಟೋಗೆ ಕೈ ಮಾಡುವಾಗ ಹೇಳಿದರು:

"ಸೊಪ್ಪು ಅರದು ಹಚ್ಚಿದ್ದೆ ಅಂತೀನ್ರಿ. ನಮ್ಮ ಕಡಿ ಎಲ್ಲಾರೂ ಹಚ್ತಾರ. ನಿಮ್ಮ ಹೆಸರು ಯಾಕ ಬೇಕು ಇದರಾಗ."

ನಾನು ತಕ್ಷಣ ಬೇಡ ಎನ್ನಲಿಲ್ಲ. ಅಲ್ಲಿ ನಿಂತು ಲೆಕ್ಕ ಹಾಕಿದೆ, ಅದನ್ನು ಮುಚ್ಚಿಡುವುದಿಲ್ಲ. ಶುದ್ಧವಲ್ಲದ ಜೀವಿಯೊಂದು ನನ್ನ ಪ್ರಯೋಗಾಲಯದಿಂದ ಮನುಷ್ಯನ ಹುಣ್ಣಿಗೆ ಹೋಗಿದೆ ಎಂದು ಗೊತ್ತಾದರೆ ಕೆಲಸ ಅಂದೇ ನಿಲ್ಲುತ್ತದೆ. ಸೊಪ್ಪು ಎಂದರೆ ಯಾರೂ ಎರಡನೆಯ ಪ್ರಶ್ನೆ ಕೇಳುವುದಿಲ್ಲ, ವೈದ್ಯೆ ಹೇಗೂ ಕೀವು ಪರೀಕ್ಷೆಗೆ ಕಳಿಸುತ್ತಾರೆ, ಎರಡು ದಿನದಲ್ಲಿ ಅವರಿಗೇ ಗೊತ್ತಾಗುತ್ತದೆ. ಆ ಎರಡು ದಿನದ ಹತ್ತಿರ ಬಂದು ನನ್ನ ಲೆಕ್ಕ ನಿಂತಿತು. ಆ ಎರಡು ದಿನವನ್ನು ಉಳಿಸಬಲ್ಲ, ಆಗಲೇ ಬೆಳೆದ ತಟ್ಟೆಗಳು ನನ್ನ ಮೇಜಿನ ಮೇಲಿದ್ದವು.

"ಆಟೋದಾಗ ಕುಂದ್ರಿ, ಬಂದೆ," ಎಂದು ವಾಪಸ್ ಓಡಿ, ಎರಡೂ ತಟ್ಟೆ ಮತ್ತು ನೋಟ್‌ಬುಕ್ಕನ್ನು ಚೀಲಕ್ಕೆ ಹಾಕಿಕೊಂಡು ಬಂದೆ.

ವೈದ್ಯೆ ಹುಣ್ಣು ನೋಡಿ ಕೇಳಿದ ಮೊದಲ ಮಾತು, "ಏನು ಹಾಕಿದ್ರಿ ಇದಕ್ಕೆ?"

ಫಿಟ್ಟರಣ್ಣ ಬಾಯಿ ತೆರೆಯುವ ಮೊದಲೇ ನಾನು ಹೇಳಿದೆ. ನಮ್ಮ ಬಿಲ್ಲೆ, ಬಾನಿಯ ಪಾಚಿ, ಏಳು ಸಲ ಶುದ್ಧ ಮಾಡಿದ್ದು, ಒಂದು ಬ್ಯಾಕ್ಟೀರಿಯಾ ಉಳಿದದ್ದು, ಗೊತ್ತಿದ್ದೂ ಮುಂದುವರಿದದ್ದು. ತಟ್ಟೆಗಳನ್ನು ಮೇಜಿನ ಮೇಲಿಟ್ಟೆ. ವೈದ್ಯೆ ಬೈಯಲಿಲ್ಲ. ತಟ್ಟೆಗಳನ್ನು ಎತ್ತಿ ನರ್ಸಿನ ಕೈಗೆ ಕೊಟ್ಟು, "ಇದಕ್ಕೆ ಯಾವ ಔಷಧಿ ನಾಟುತ್ತೆ ಅಂತ ಲ್ಯಾಬಿನವರು ಈಗಲೇ ನೋಡಲಿ. ಹುಣ್ಣಿನದೂ ಬೇರೆ ಕಳಿಸಿ," ಎಂದರು.

ಔಷಧಿ ಭಾನುವಾರವೇ ಬದಲಾಯಿತು. ಮಂಗಳವಾರ ಎರಡು ಬೆರಳು ತೆಗೆದರು. ಪಾದ ಉಳಿಯಿತು.

ಆಸ್ಪತ್ರೆಯ ಹೊರಗಿನ ಬೆಂಚಿನಲ್ಲಿ ಅವರ ಹೆಂಡತಿ ಕೂತಿದ್ದರು. ಎಮ್ಮಿಗನೂರಿನವರು, ಅಲ್ಲಿಯವರೆಗೆ ನಾನು ಅವರನ್ನು ನೋಡಿರಲಿಲ್ಲ. ನಾನು ಯಾರೆಂದು ಹೇಳಿದಾಗ ಸರಿದು ಜಾಗ ಕೊಟ್ಟರು.

"ಮನ್ಯಾಗ ಯಾರಿಗೂ ತೋರ್ಸಿಲ್ರಿ ಕಾಲು. ಸಾಕ್ಸ್ ಹಾಕ್ಕೊಂಡ ಮಲಗ್ತಿದ್ರು, ಸೊಳ್ಳಿ ಅಂತಿದ್ರು." ನನ್ನ ಕಡೆ ತಿರುಗಿ ಹೇಳಿದರು, "ನೀವು ದಿನಾ ಜತಿಗಿದ್ರಿ. ಓದಿದವ್ರು. ನಿಮಗಾರ ಗೊತ್ತಾಗಬೇಕಿತ್ತು."

ಹೌದು ಎಂದೆ.

ಮರುದಿನ ವೈದ್ಯೆಯನ್ನು ಅವರ ಕೊಠಡಿಯಲ್ಲಿ ಕೇಳಿದೆ, ಬೆರಳು ಹೋದದ್ದು ನಮ್ಮ ಬಿಲ್ಲೆಯಿಂದಲೇನಾ ಎಂದು.

"ನಿಮ್ಮ ತಟ್ಟೆಯಲ್ಲೂ ಹುಣ್ಣಿನಲ್ಲೂ ಒಂದೇ ಜಾತಿಯ ಬ್ಯಾಕ್ಟೀರಿಯಾ ಬಂದಿದೆ. ಆದರೆ ಅದು ಅವರ ಶೂನಲ್ಲೂ ಇರಬಹುದು, ಬಚ್ಚಲಲ್ಲೂ ಇರಬಹುದು. ಬೆರಳಿಗೆ ಮೊದಲೇ ರಕ್ತ ಹೋಗ್ತಿರಲಿಲ್ಲ. ಬಿಲ್ಲೆ ಇಲ್ಲದಿದ್ರೂ ಹೋಗ್ತಿತ್ತೋ ಏನೋ. ನನಗೆ ಗೊತ್ತಿಲ್ಲ. ಇನ್ನು ಗೊತ್ತಾಗೋದೂ ಇಲ್ಲ." ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. "ತಟ್ಟೆ ತಂದದ್ದರಿಂದ ಸರಿಯಾದ ಔಷಧಿ ಬೇಗ ಶುರುವಾಯಿತು. ಅಷ್ಟು ಹೇಳಬಲ್ಲೆ."

ಪ್ರಾಂಶುಪಾಲರು ಅದೇ ವಾರ ಕೊಠಡಿಗೆ ಬೀಗ ಹಾಕಿಸಿದರು. ಅವರು ಮಾಡಿದ್ದು ಸರಿ. ವಿಚಾರಣೆಗೆ ಸಮಿತಿ ಬಂತು. ಜೂನ್ ಕೊನೆ ಕಳೆಯಿತು, ದೊಡ್ಡ ಪ್ರಯೋಗಾಲಯದ ಜಾಗ ಬೇರೆಯವರಿಗೆ ಹೋಯಿತು. ಮೂರು ತಿಂಗಳು ನಾನು ಪಾಠ ಮಾತ್ರ ಮಾಡಿದೆ.

ಕೊಠಡಿ ಮತ್ತೆ ತೆರೆದಾಗ ನಿಯಮಗಳು ಬೇರೆ. ಶುದ್ಧವಾಗದ ಪಾಚಿಯನ್ನು ಅಚ್ಚು ಯಂತ್ರದ ಹತ್ತಿರ ತರುವಂತಿಲ್ಲ, ಬಿಲ್ಲೆಗಳು ಬೀಗದೊಳಗೆ, ಎಣಿಕೆಗೆ ಇಬ್ಬರ ಸಹಿ, ಕಾಲೇಜಿನ ನೌಕರರಲ್ಲದವರಿಗೆ ಪ್ರವೇಶವಿಲ್ಲ. ನಾನು ಬಾನಿಯ ಪಾಚಿಯನ್ನು ಮೊದಲಿನಿಂದ ಹಿಡಿದೆ. ಕೂದಲಿನಷ್ಟು ಸಣ್ಣ ಗಾಜಿನ ನಳಿಗೆಯಿಂದ ಒಂದೊಂದೇ ಕಣ ಎತ್ತಿ, ಹತ್ತು ಹನಿ ಶುದ್ಧ ನೀರಿನಲ್ಲಿ ಒಂದಾದ ಮೇಲೊಂದರಂತೆ ಅದ್ದಿ, ಬೇರೆ ಬೇರೆ ಬೆಳೆಸಿದೆ. ಅರವತ್ತು ಕಣಗಳಲ್ಲಿ ಎರಡು ಒಂಟಿಯಾಗಿ ಬೆಳೆದವು. ಮೊದಲೇ ಕೊಡಬೇಕಿದ್ದ ತಿಂಗಳನ್ನು ಕೊಟ್ಟಾಗ ಕೆಲಸ ಆಯಿತು. ಮೇಕೆಯ ಚರ್ಮದ ಮೇಲೆ ಆ ಬಿಲ್ಲೆಗಳು ಎಂಟನೆಯ ದಿನವೂ ಹಸಿರಾಗಿ, ಸ್ವಚ್ಛವಾಗಿದ್ದವು.

ಸಮಿತಿಗೆ ಕೊನೆಯ ವರದಿ ಕೊಡಬೇಕಿತ್ತು, ಅದಕ್ಕೆ ಫಿಟ್ಟರಣ್ಣನ ಹೇಳಿಕೆ ಮತ್ತು ಸಹಿ ಬೇಕಿತ್ತು. ನಾನೇ ಕಂಪ್ಲಿಗೆ ಬರುತ್ತೇನೆಂದೆ. ಬ್ಯಾಡ್ರಿ, ಬಸ್ಸಿಗೆ ಬರ್ತೀನಿ ಎಂದರು. ಆಸ್ಪತ್ರೆಯಲ್ಲಿ ಮಾಡಿಸಿದ ಮೆತ್ತನೆಯ ಚಪ್ಪಲಿ ಹಾಕಿಕೊಂಡು, ಮೆಟ್ಟಿಲನ್ನು ಒಂದೊಂದೇ ಹತ್ತಿ ಬಂದರು. ಕೊಠಡಿಯ ಬಾಗಿಲಿಗೆ ಕೈ ಹಾಕಿದಾಗ ನಾನು ನಿಯಮ ಹೇಳಬೇಕಾಯಿತು. ಅವರು ಕಟ್ಟಿದ ಯಂತ್ರ ಒಳಗೆ ಓಡುತ್ತಿತ್ತು. ಬಾಗಿಲಿನ ಗಾಜಿನ ಮೂಲಕ ಸ್ವಲ್ಪ ಹೊತ್ತು ನೋಡಿ, "ಆತು ಬಿಡ್ರಿ, ಇಲ್ಲೇ ಕುಂದ್ರೋಣ," ಎಂದು ವರಾಂಡದ ಬೆಂಚಿಗೆ ಬಂದರು.

ವರದಿಯಲ್ಲಿ ಅವರಿಗೆ ಸಂಬಂಧಿಸಿದ ಪುಟವನ್ನು ಓದಿ ಹೇಳಿದೆ. ಎರಡು ಬಿಲ್ಲೆಗಳನ್ನು ಅನುಮತಿಯಿಲ್ಲದೆ ತೆಗೆದುಕೊಂಡು ಹುಣ್ಣಿಗೆ ಹಾಕಿಕೊಂಡರು ಎಂಬಲ್ಲಿಗೆ ಬಂದಾಗ ಕೈ ಅಡ್ಡ ಹಿಡಿದರು.

"ಎರಡಲ್ರಿ. ಮೂರು."

"ನೀರಿನ್ಯಾಗ ಕಮ್ಮಿ ಆಗಿದ್ದು ಎರಡೇ."

"ಇದು ಅದಕ್ಕೂ ಮೊದ್ಲಿಂದು. ಹೊರಗಿಂದ ತರ್ಸಿದ್ದ ಪಾಚಿ ಇತ್ತಲ್ರೀ, ಬೆಳ್ಳಗಾತಲ್ಲ, ಅದರಾಗ ಒಂದು. ಬೆಳ್ಳಗಾಗೂಕಿಂತ ಮುಂಚೆ ತಗಂಡಿದ್ದೆ. ಎಡವಟ್ಟಾಗಿ ಬಿದ್ದಿದ್ದನ್ನ ನೀವು ಹೊರಗ ಒಗೀರಿ ಅಂದಿದ್ರಿ."

ಅದು ಶುದ್ಧ ಪಾಚಿ. ನಾನು ಪೆನ್ನು ಕೆಳಗಿಟ್ಟೆ.

"ಅದನ್ನ ಹಾಕಿದಾಗ ಎರಡು ದಿನ ವಾಸನಿ ಇರ್ಲಿಲ್ರಿ," ಎಂದರು. "ನೀರು ಸೋರೂದು ನಿಂತಿತ್ತು. ಅಂಚು ಕೆಂಪಗಾಗಿತ್ತು, ಚೊಲೋ ಕೆಂಪು. ಅದಕ್ಕ ಎರಡನೇ ಸಲ ಕೈ ಹಾಕಿದ್ದು ನಾನು. ಸುಮ್ಮ ಸುಮ್ಮನ ಅಲ್ಲ."

ಎರಡೇ ದಿನ, ಒಬ್ಬರದೇ ಕಾಲು. ಅಳತೆಯಿಲ್ಲ, ಫೋಟೋ ಇಲ್ಲ, ನೋಡಿದವರಿಲ್ಲ. ಅದನ್ನು ಫಲಿತಾಂಶವಾಗಿ ಬರೆಯಲು ಬರುವುದಿಲ್ಲ ಎಂದು ಅವರಿಗೆ ಹೇಳಿದೆ. ಬರೆದರೆ ನಾಳೆ ಇನ್ನೊಬ್ಬರು ಅದನ್ನು ನಂಬಿ ಕೈ ಹಾಕುತ್ತಾರೆ ಎಂದೂ ಹೇಳಿದೆ.

"ಬರೀಬ್ಯಾಡ್ರಿ," ಎಂದರು. "ನಿಮಗ ಗೊತ್ತಿರ್ಲಿ ಅಂತ ಹೇಳ್ದೆ."

ಎರಡು ಎಂಬುದನ್ನು ಹೊಡೆದು ಮೂರು ಎಂದು ಬರೆದೆ. ಅವರು ಕೆಳಗೆ ತಮ್ಮ ಹೆಸರನ್ನು ನಿಧಾನವಾಗಿ, ಅಕ್ಷರ ಬಿಡಿಸಿ ಬರೆದರು.

ಬಿಲ್ಲೆಗಳು ಮುಂದಿನ ಜೂನಿನಲ್ಲಿ ದೊಡ್ಡ ಪ್ರಯೋಗಾಲಯಕ್ಕೆ ಹೋದವು. ಪರೀಕ್ಷೆ ಇನ್ನೂ ನಡೆಯುತ್ತಿದೆ. ಇದು ಹುಣ್ಣಿಗೆ ಕೆಲಸ ಮಾಡುತ್ತದೆಯೇ ಎಂದು ಯಾರಾದರೂ ಕೇಳಿದರೆ ಗೊತ್ತಿಲ್ಲ ಎನ್ನುತ್ತೇನೆ. ಅದು ನಿಜ. ಆದರೆ ಹಾಗೆ ಹೇಳುವ ಮುಂಚೆ ಪ್ರತಿ ಸಲವೂ ಫಿಟ್ಟರಣ್ಣ ಹೇಳಿದ ಆ ಎರಡು ದಿನ ನೆನಪಾಗಿ ಒಂದು ಕ್ಷಣ ತಡವರಿಸುತ್ತೇನೆ.